ಎರೆಭೂತದ ಗುಟುರೂ ಚಿತ್ರದುರ್ಗದ ಕಾವಲುಗಳೂ

ಚಿತ್ರದುರ್ಗದ ಸೀಮೆಯಲ್ಲಿ ವಸಂತಋತುವು ಪಂಚಾಂಗದಲ್ಲಿ ಬರೆದಂತೆ ನೆಲದ ಮೇಲೆ ಬರುವುದಿಲ್ಲ. ಚೈತ್ರ ವೈಶಾಖಗಳಲ್ಲಿ ಹಿರಿಯೂರಿನ ಎರೆಹೊಲಗಳು ಬಿರಿದು ಬಾಯಿಬಿಟ್ಟುಕೊಂಡಿರುತ್ತವೆ. ಹೊಸದುರ್ಗದ ಕಡೆಯ ಕಾವಲುಗಳಲ್ಲಿ ಹುಲ್ಲು ಒಣಗಿ ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಹೊಳಲ್ಕೆರೆಯ ಗುಡ್ಡಗಳ ಮುಳ್ಳುಪೊದೆಗಳು ಬರಿಗೊಂಬೆಯಾಗಿ ನಿಂತಿರುತ್ತವೆ. ಭರಣಿ, ಕೃತ್ತಿಕೆ, ರೋಹಿಣಿಗಳಲ್ಲಿ ಯಾವುದಾದರೊಂದು ಮಳೆ ಬಿದ್ದು ನೆಲದ ಕಾವು ಇಳಿದ ತರುವಾಯವೇ ಇಲ್ಲಿಯ ಪಕ್ಷಿಗಳಿಗೆ ವಸಂತವು ಬಂದಂತೆ. ಆಗ ಜೋಗಿಮಟ್ಟಿಯ ಇಳಿಜಾರಿನಲ್ಲಿ ನವಿಲು ಕೂಗುತ್ತದೆ. ಹೊಲದ ಬೇಲಿಯ ಮರೆಯಿಂದ ಗೌಜಲಹಕ್ಕಿಯು ಮೂರು ಮಾತ್ರೆಯ ತನ್ನ ಪಲ್ಲವಿಯನ್ನು ಬಿಡದೆ ಹೇಳುತ್ತದೆ. ಇವೆರಡೂ ಇಂದಿಗೂ ಕೇಳಿಬರತಕ್ಕ ಧ್ವನಿಗಳು. ಹಿಂದೆ ಇವುಗಳ ಜೊತೆಗೆ ಮೂರನೆಯದೊಂದು ಧ್ವನಿ ಇದ್ದಿತು. ಅದು ಗಿಡದಿಂದಲೂ ಬರುತ್ತಿರಲಿಲ್ಲ, ಪೊದೆಯಿಂದಲೂ ಬರುತ್ತಿರಲಿಲ್ಲ. ಬಟ್ಟಬಯಲಿನ ನಡುವಿನಿಂದ, ಅತಿ ಮಂದ್ರದಲ್ಲಿ, ಹೋರಿಯೊಂದು ದೂರದಲ್ಲಿ ನಿಂತು ಗುಟುರು ಹಾಕಿದಂತೆ ಬರುತ್ತಿದ್ದಿತು. ಹೋರಿಗಳೇ ತುಂಬಿದ್ದ ಕಾವಲಿನಲ್ಲಿ ಅದನ್ನು ಹಕ್ಕಿಯ ಧ್ವನಿಯೆಂದು ತಿಳಿಯಬೇಕಾದರೆ ದನಗಾಹಿಯ ಕಿವಿಯೇ ಬೇಕು.

ಆ ಹಕ್ಕಿಯೇ ಎರೆಭೂತ. ಕೆಲವರು ಎರಲಡ್ಡು ಎಂದೂ ಕರೆಯುವುದುಂಟು. ಎರೆ ಎಂದರೆ ಕಪ್ಪುಮಣ್ಣು. ಆ ಮಣ್ಣಿನ ಭೂತವೆಂಬ ಹೆಸರು ಇದಕ್ಕೆ ಹೇಗೆ ಬಂದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಬಿಳಿಯ ನೀಳವಾದ ಕತ್ತು, ತಲೆಯ ಮೇಲೆ ಕಪ್ಪು ಟೊಪ್ಪಿಗೆ, ಕಂದು ಬೆನ್ನು, ಎತ್ತರವಾದ ಹಳದಿ ಕಾಲುಗಳು—ಇಂಥ ಆಕೃತಿಯೊಂದು ಮೋಡ ಕವಿದ ಬೆಳಗಿನಲ್ಲಿ ಬರಿಯ ಕರಿಹೊಲದ ಮಧ್ಯದಲ್ಲಿ ಅಲುಗದೆ ನಿಂತಿರುವುದನ್ನು ಕಂಡವನು ಬೇರೇನೆಂದು ತಾನೆ ಹೇಳಿಯಾನು? ನೆರೆಯ ತೆಲುಗರು ಇದನ್ನು ಬಟ್ಟಮೇಕವೆನ್ನುತ್ತಾರೆ. ಮರಾಠಿಯಲ್ಲಿ ಇದು ಮಾಳಢೋಕ. ಉತ್ತರದ ಕೆಲವು ಕಡೆ ಇದಕ್ಕೆ ಹೂಮ್ ಎಂದೇ ಹೆಸರು. ಅದು ಗಂಡಿನ ಕೂಗನ್ನು ಅನುಕರಿಸಿದ ಶಬ್ದ. ಗುಡುಗಿಗೂ ಹುಲಿಯ ಗರ್ಜನೆಗೂ ಹೋಲಿಸಿ ಇಟ್ಟ ಹೆಸರುಗಳೂ ಉಂಟು. ಕಣ್ಣಿಗೆ ಬೀಳುವುದಕ್ಕಿಂತ ಮೊದಲೇ ಈ ಪಕ್ಷಿಯು ಜನರ ಕಿವಿಗೆ ಬೀಳುತ್ತಿದ್ದಿತೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ. ಗಂಡು 15 ಕಿಲೋಗ್ರಾಂವರೆಗೂ ತೂಗುವುದು. ಹೆಣ್ಣು ಅದರ ಅರ್ಧಕ್ಕೂ ಕಡಮೆ. ಹಾರಬಲ್ಲ ಪಕ್ಷಿಗಳಲ್ಲಿ ಇಷ್ಟು ಭಾರವಾದವು ಲೋಕದಲ್ಲಿ ಕೆಲವೇ. ಕಾಲಿಗೆ ಹಿಂಬೆರಳಿಲ್ಲದ ಕಾರಣ ಇದು ಮರದ ಕೊಂಬೆಯನ್ನು ಹಿಡಿದು ಕೂರಲಾರದು. ನೆಲವೇ ಇದರ ಮನೆ, ನೆಲವೇ ತೊಟ್ಟಿಲು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದನ್ನೇ ಆಶ್ರಯಿಸಿರುವುದು.

ಮಳೆಗಾಲದ ಆರಂಭದಲ್ಲಿ ಗಂಡು ಹಕ್ಕಿಯು ತನಗೆ ಪ್ರಿಯವಾದ ಒಂದು ದಿಬ್ಬವನ್ನು ಆರಿಸಿಕೊಂಡು ಅಲ್ಲಿ ನಿಲ್ಲುತ್ತದೆ. ಒಮ್ಮೆ ಆರಿಸಿದ ಜಾಗಕ್ಕೇ ವರ್ಷವರ್ಷವೂ ಹಿಂದಿರುಗಿ ಬರುವುದು ಇದರ ಸ್ವಭಾವ. ಬೆಳಗ್ಗೆಯೂ ಸಂಜೆಯೂ ಅದು ಕತ್ತಿನ ಕೆಳಗಿನ ಚೀಲದೊಳಕ್ಕೆ ಗಾಳಿಯನ್ನು ತುಂಬಿಕೊಳ್ಳುತ್ತದೆ. ಬಿಳಿಯ ಗರಿಗಳಿಂದ ಮುಚ್ಚಿದ ಆ ಚೀಲವು ಉಬ್ಬಿ ಉಬ್ಬಿ ಕಾಲುಗಳ ನಡುವಿನವರೆಗೆ ಜೋತುಬೀಳುತ್ತದೆ. ಬಾಲವು ಬೀಸಣಿಗೆಯಂತೆ ಅರಳಿ ಬೆನ್ನಿನ ಮೇಲೆ ಮಡಿಸಿಕೊಳ್ಳುತ್ತದೆ. ರೆಕ್ಕೆಗಳು ಇಳಿಬಿದ್ದು, ತಲೆಯು ಹಿಂದಕ್ಕೆ ಸರಿದು, ನೋಡುವವರಿಗೆ ಹಕ್ಕಿಯೇ ಮರೆಯಾಗಿ ಬಿಳಿಯ ಅರಳೆಯ ಮೂಟೆಯೊಂದು ನಡೆದಾಡಿದಂತೆ ತೋರುತ್ತದೆ. ಈ ಸ್ಥಿತಿಯಲ್ಲಿ ಹೊರಡುವ ಗುಟುರು ಸುಮಾರು 500 ಮೀಟರು ದೂರಕ್ಕೆ ಕೇಳಿಸುವುದು. ಸುತ್ತಲಿನ ಹುಲ್ಲಿನಲ್ಲಿ ಮರೆಯಾಗಿರುವ ಹೆಣ್ಣುಗಳು ಆ ಧ್ವನಿಯನ್ನು ಅನುಸರಿಸಿ ಬಂದು, ಕೂಡಿ, ಹೊರಟುಹೋಗುತ್ತವೆ. ಗಂಡಿಗೆ ಅಲ್ಲಿಗೆ ಸಂಸಾರವು ಮುಗಿಯಿತು. ಹೆಣ್ಣು ಒಂಟಿಯಾಗಿ ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಟ್ಟು ಸುಮಾರು 27 ದಿನ ಕಾವು ಕೊಡುತ್ತದೆ. ಹುಟ್ಟಿದ ಮರಿಯನ್ನು ಬಹುಕಾಲ ಬಳಿಯಲ್ಲಿಟ್ಟುಕೊಂಡು ಸಾಕುತ್ತದೆ. ವರ್ಷಕ್ಕೆ ಒಂದು ಮೊಟ್ಟೆ! ಅದನ್ನೂ ನರಿ, ನಾಯಿ, ಕಾಗೆ, ದನದ ಗೊರಸುಗಳಿಂದ ಉಳಿಸಿಕೊಳ್ಳಬೇಕು.

ಹೆಣ್ಣನ್ನು ಕರೆಯಲೆಂದು ಗಂಡು ಮಾಡುವ ಕೂಗು ಬೇಟೆಗಾರನನ್ನೂ ಕರೆಯುವುದೆಂಬುದು ಮನುಷ್ಯನು ಬಹು ಪುರಾತನ ಕಾಲದಲ್ಲಿಯೇ ಕಂಡುಕೊಂಡ ವಿಷಯ. ಹಳಗನ್ನಡದಲ್ಲಿ ದೀವ, ದೀಹ ಎಂಬ ಶಬ್ದಗಳು ಇವೆ. ಕಾಡುಮೃಗಪಕ್ಷಿಗಳನ್ನು ಸೆಳೆದು ತರುವುದಕ್ಕಾಗಿ ಪಳಗಿಸಿಟ್ಟ ಪ್ರಾಣಿಗೆ ಆ ಹೆಸರು. ಬೇಟೆಯ ವರ್ಣನೆಯಿಲ್ಲದ ಕನ್ನಡ ಮಹಾಕಾವ್ಯವು ವಿರಳವಾದುದರಿಂದ ಈ ಮಾತು ಪಂಡಿತರಿಗೆ ಅಪರಿಚಿತವಲ್ಲ. ಕ್ರಿ.ಶ. 1129ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೂ ಡೇಗೆಯ ಬೇಟೆಗೂ ಪಕ್ಷಿಗಳ ಕಾಳಗಕ್ಕೂ ಬೇರೆಬೇರೆ ಪ್ರಕರಣಗಳೇ ಉಂಟು. ಆ ಕಾಲದಲ್ಲಿ ಚಿತ್ರದುರ್ಗದ ಸೀಮೆಯು ನೊಳಂಬವಾಡಿಗೆ ಸೇರಿ ಚಾಲುಕ್ಯರ ಛತ್ರದ ಅಡಿಯಲ್ಲಿಯೇ ಇದ್ದಿತು. ಅರಸರು ವಿನೋದಕ್ಕಾಗಿ ಬರೆಯಿಸಿದ ಈ ವಿದ್ಯೆಯನ್ನು ಬಯಲುಸೀಮೆಯ ಬಡವರು ಹೊಟ್ಟೆಯ ಪಾಡಿಗಾಗಿ ಬಲ್ಲವರಾಗಿದ್ದರು.

ಗೌಜಲಿನ ಬೇಟೆಯು ಇದಕ್ಕೆ ಉತ್ತಮವಾದ ನಿದರ್ಶನ. ಗೌಜಲಿನ ಗಂಡು ತನ್ನ ಎಲ್ಲೆಯೊಳಗೆ ಮತ್ತೊಂದು ಗಂಡಿನ ಕೂಗನ್ನು ಸಹಿಸಲಾರದು. ಹಕ್ಕಿ ಹಿಡಿಯುವವನು ಮರಿಯಿಂದ ಸಾಕಿದ ಗಂಡೊಂದನ್ನು ಬಿದಿರಿನ ಪಂಜರದಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಕೋಳಿ ಕೂಗುವ ಹೊತ್ತಿಗೆ ಹೊಲದ ಅಂಚಿಗೆ ಒಯ್ಯುತ್ತಿದ್ದನು. ಪಂಜರದ ಸುತ್ತ ಉರುಲುಗಳನ್ನು ಹೂಡಿ, ಬಟ್ಟೆಯನ್ನು ತೆಗೆದು, ತಾನು ಪೊದೆಯ ಹಿಂದೆ ಕೂರುತ್ತಿದ್ದನು. ಬೆಳಕು ಕಂಡ ಸಾಕುಹಕ್ಕಿಯು ಕೂಗಿತೆಂದರೆ ಆ ನೆಲದ ಒಡೆಯನಾದ ಕಾಡುಗೌಜಲು ಮಾರ್ದನಿ ಕೊಡುವುದು. ಕೂಗು ಕೂಗಿಗೂ ಹತ್ತಿರವಾಗುವುದು. ಕಡೆಗೆ ಕತ್ತಿನ ಗರಿಗಳನ್ನು ನಿಮಿರಿಸಿ ಕಾಳಗಕ್ಕೆಂದೇ ಓಡಿಬಂದು ಉರುಲಿಗೆ ಕಾಲು ಕೊಡುವುದು. ಸೋಲು ಗೆಲವಿನ ಮಾತೇ ಅಲ್ಲಿಲ್ಲ. ವೀರನಾದುದಕ್ಕೇ ಸಿಕ್ಕಿಬೀಳುವ ಈ ಹಕ್ಕಿಯ ಹೆಸರಿನಲ್ಲಿ ಯಾರೂ ವೀರಗಲ್ಲನ್ನು ನಿಲ್ಲಿಸಲಿಲ್ಲ. ಹಂದಿಯ ಬೇಟೆಯಲ್ಲಿ ಮಡಿದ ನಾಯಿಗಾದರೋ ಕ್ರಿ.ಶ. 949ರ ಆತಕೂರಿನ ಶಾಸನದಲ್ಲಿ ಸ್ಥಳ ದೊರೆತಿದೆ. ಬೇಟೆಯನ್ನೇ ಕುಲವೃತ್ತಿಯಾಗಿ ಉಳ್ಳ ಬೇಡರ ನಾಡಾಗಿದ್ದರೂ ಇಲ್ಲಿ ಬಾಯಿಗೆ ಬಂದುದನ್ನೆಲ್ಲ ಕೊಲ್ಲುವ ಪದ್ಧತಿ ಇದ್ದಿತೆಂದು ತಿಳಿಯಬಾರದು. ಮ್ಯಾಸಬೇಡರು ಇಂದಿಗೂ ಕೋಳಿಯನ್ನು ಮುಟ್ಟದವರು. ಅದಕ್ಕೆ ಅವರವರ ಕಥೆಗಳು ಬೇರೆ ಬೇರೆ ಇದ್ದರೂ, ಬೇಟೆಗಾರರ ಕುಲವೇ ತನಗೆ ತಾನು ಹಾಕಿಕೊಂಡ ಕಟ್ಟಳೆಯೆಂಬುದರಿಂದ ಅದು ಗಮನಿಸತಕ್ಕುದು.

ಸಮುದ್ರದಾಚೆಯಲ್ಲಿಯೂ ಇದೇ ಉಪಾಯವು ಬೇರೊಂದು ಪಕ್ಷಿಯ ವಿಷಯದಲ್ಲಿ ಬೆಳೆದಿದೆ. ಅಮೆರಿಕ ಖಂಡದ ಕಾಡು ಟರ್ಕಿಕೋಳಿಯ ಹುಂಜವು ವಸಂತದ ಬೆಳಗುಗಳಲ್ಲಿ ಗಳಗಳನೆ ಕೂಗಿ ಹೆಣ್ಣುಗಳನ್ನು ಕರೆಯುತ್ತದೆ. ಬೇಟೆಗಾರನು ಹೆಣ್ಣಿನ ಮೆಲುದನಿಯನ್ನು ಅನುಕರಿಸಿ, ಹೆಣ್ಣು ಗಂಡಿನ ಬಳಿಗೆ ಹೋಗುವ ಪ್ರಕೃತಿಯ ಕ್ರಮವನ್ನು ತಿರುವುಮಾಡಿ, ಗಂಡನ್ನೇ ತನ್ನ ಬಳಿಗೆ ಬರಿಸಿಕೊಳ್ಳುತ್ತಾನೆ. ಆ ದೇಶದ ಮೂಲನಿವಾಸಿಗಳು ಟರ್ಕಿಯ ರೆಕ್ಕೆಯ ಮೂಳೆಯಿಂದಲೇ ಅದನ್ನು ಕರೆಯುವ ಪೀಪಿಯನ್ನು ಮಾಡುತ್ತಿದ್ದರು. 20ನೆಯ ಶತಮಾನದ ಆದಿಯಲ್ಲಿ ಆ ಪಕ್ಷಿಯು ಅನೇಕ ರಾಜ್ಯಗಳಿಂದ ನಿರ್ಮೂಲವಾಗಿದ್ದಿತು. ಅನಂತರ ಬೇಟೆಯ ನಿಯಮಗಳು ಬಿಗಿಯಾದುವು. ಬೇಸಾಯ ಬಿಟ್ಟ ನೆಲದಲ್ಲಿ ಕಾಡು ಮತ್ತೆ ಬೆಳೆಯಿತು. 1950ರ ದಶಕದಿಂದೀಚೆಗೆ ಉಳಿದಿದ್ದ ಹಕ್ಕಿಗಳನ್ನು ಬಲೆಯಿಂದ ಹಿಡಿದು ಬರಿದಾಗಿದ್ದ ಕಾಡುಗಳಿಗೆ ಬಿಟ್ಟರು. ಈಗ ಅಲ್ಲಿ ಅವು ದಶಲಕ್ಷಗಳ ಲೆಕ್ಕದಲ್ಲಿವೆ. ಅನೇಕ ರಾಜ್ಯಗಳಲ್ಲಿ ವಸಂತದ ಬೇಟೆಯು ಕಟ್ಟುನಿಟ್ಟಾಗಿ ನಡೆಯುತ್ತಲೂ ಇದೆ. ಹಾಗಾದರೆ ಕೂಗಿನಿಂದಲೇ ಹಕ್ಕಿಯು ಹಾಳಾಯಿತೆಂಬ ಮಾತು ಅಷ್ಟು ಸರಳವಲ್ಲ. ಎರೆಭೂತದ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಬೇಕು.

ಎರೆಭೂತವನ್ನು ದೀವದಿಂದ ಮೋಸಗೊಳಿಸುವುದು ಸುಲಭವಲ್ಲ. ಬಯಲಿನಲ್ಲಿ ಅಡಗುವುದಕ್ಕೆ ಮರೆಯಿಲ್ಲ. ಹಕ್ಕಿಯ ಕಣ್ಣೋ ಬಹು ಚುರುಕು. ಗುಟುರಿನಿಂದ ಅದು ಇರುವ ದಿಕ್ಕು ಗೊತ್ತಾದರೂ ಕಾಲ್ನಡಿಗೆಯಲ್ಲಿ ಹೋದವನಿಗೆ ಅದು ದಕ್ಕುತ್ತಿರಲಿಲ್ಲ. ಆದರೆ ಎತ್ತಿನ ಗಾಡಿಯನ್ನು ಕಂಡು ಅದು ಹೆದರದು; ಬಯಲಿನಲ್ಲಿ ಗಾಡಿಗಳು ನಿತ್ಯವೂ ಓಡಾಡತಕ್ಕವು. ಈ ರಹಸ್ಯವನ್ನು ತಿಳಿದ ಬಂದೂಕಿನ ಬೇಟೆಗಾರರು ಗಾಡಿಗೆ ಸೊಪ್ಪು ಬಟ್ಟೆಗಳ ಮರೆಕಟ್ಟಿ, ನೇರವಾಗಿ ಹೋಗದೆ ಸುತ್ತುಬಳಸಿ ಹತ್ತಿರವಾಗುತ್ತಿದ್ದರು. ಮಾಂಸವು ರುಚಿಯೆಂಬ ಖ್ಯಾತಿ ಹಳೆಯದು. ಮೊಗಲ ದೊರೆ ಬಾಬರನೇ ತನ್ನ ಆತ್ಮಕಥೆಯಲ್ಲಿ ಇದನ್ನು ಹೊಗಳಿದ್ದಾನೆ. ಕಂಪೆನಿಯ ಕಾಲದ ದಖ್ಖನಿನ ಪಕ್ಷಿಗಳನ್ನು ಪಟ್ಟಿಮಾಡಿದ ಕರ್ನಲ್ ಸೈಕ್ಸ್ ಎಂಬವನು, ಒಬ್ಬ ದೊಡ್ಡಮನುಷ್ಯನು ತಾನೊಬ್ಬನೇ ಸುಮಾರು ಒಂದು ಸಾವಿರ ಎರೆಭೂತಗಳನ್ನು ಹೊಡೆದಿದ್ದನೆಂಬ ಸಂಗತಿಯನ್ನು ದಾಖಲಿಸಿದ್ದಾನೆ. ವರ್ಷಕ್ಕೊಂದು ಮೊಟ್ಟೆಯಿಡುವ ಪಕ್ಷಿಯಲ್ಲಿ ಒಂದು ಸಾವಿರವೆಂದರೆ ಎಷ್ಟು ತಾಯಂದಿರ ಎಷ್ಟು ವರ್ಷಗಳ ಫಲವೆಂಬುದನ್ನು ಗೃಹಸ್ಥರು ತಾವೇ ಲೆಕ್ಕಹಾಕಬಹುದು. 1879 ರಿಂದ 1881ರವರೆಗೆ ಹ್ಯೂಮ್ ಮತ್ತು ಮಾರ್ಷಲ್ ಎಂಬವರು ಭಾರತದ ಬೇಟೆಹಕ್ಕಿಗಳನ್ನು ಕುರಿತು ಮೂರು ಸಂಪುಟಗಳನ್ನು ಪ್ರಕಟಿಸಿದರು. ಎರೆಭೂತಕ್ಕೆ ಅದರಲ್ಲಿ ಗೌರವದ ಸ್ಥಾನ. ಮುಂದೆ 1885ರಲ್ಲಿ ಕಾಂಗ್ರೆಸ್ ಸಂಸ್ಥೆಯ ಸ್ಥಾಪನೆಯಲ್ಲಿ ಮುಂದಾಳಾದ ಹ್ಯೂಮ್ ಮಹಾಶಯನೇ ಇವನು. ಇದೇ ಕುಲದ ಕಿರಿಯ ಪಕ್ಷಿಯೊಂದಿದೆ. ತೆಲುಗಿನಲ್ಲಿ ನೇಲನೆಮಲಿ, ಅಂದರೆ ನೆಲದ ನವಿಲು. ಅದರ ಗಂಡು ಮಳೆಗಾಲದಲ್ಲಿ ಹುಲ್ಲಿನ ಮೇಲೆ ಆಳೆತ್ತರ ನೆಗೆನೆಗೆದು, ದಿನಕ್ಕೆ ನೂರಾರು ಸಲ, ತನ್ನ ಇರವನ್ನು ತಾನೇ ಸಾರುತ್ತದೆ. ಅದನ್ನು ಹೊಡೆಯುವುದಕ್ಕೆ ಗಾಡಿಯೂ ಬೇಡವಾಗಿತ್ತು.

ಇಷ್ಟಾದರೂ ಮೈಸೂರು ಸಂಸ್ಥಾನದ ಉತ್ತರದ ಬಯಲುಗಳಲ್ಲಿ ಎರೆಭೂತವು ಬಹುಕಾಲ ಬಾಳಿತು. ಅದಕ್ಕೆ ಕಾರಣವನ್ನು ಬೇಟೆಯ ಪುಸ್ತಕಗಳಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ದನಗಳ ಇತಿಹಾಸದಲ್ಲಿ ಸಿಕ್ಕುತ್ತದೆ. 1672 ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲುಬೆಣ್ಣೆಗಾಗಿ ಬೆಣ್ಣೆಚಾವಡಿಯೆಂಬ ಇಲಾಖೆಯನ್ನು ಏರ್ಪಡಿಸಿ, ಅದರ ದನಗಳ ಮೇವಿಗೆ ನಾಡಿನ ಬೇರೆಬೇರೆ ಕಡೆಗಳಲ್ಲಿ ಹುಲ್ಲುಗಾವಲುಗಳನ್ನು ಬಿಡಿಸಿದರು. ಹೈದರಾಲಿಯ ಕಾಲಕ್ಕೆ ಅದೇ ದನಗಳು ಫಿರಂಗಿಗಳನ್ನೆಳೆಯುವ ಸೈನ್ಯದ ಬಲವಾದುವು. 1779ರಲ್ಲಿ ಚಿತ್ರದುರ್ಗದ ಕೋಟೆಯು ಮದಕರಿನಾಯಕನಿಂದ ಹೈದರನ ಕೈಸೇರಿತಷ್ಟೆ. ಟಿಪ್ಪುಸುಲ್ತಾನನು ಬೆಣ್ಣೆಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟನು. ಕಾವಲು ಎಂಬ ಮಾತಿನಲ್ಲಿಯೇ ಅದರ ಅರ್ಥವಿದೆ: ಕಾಯಲ್ಪಟ್ಟ ನೆಲ. ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿ, ಸರ್ಕಾರದ ದನಗಳನ್ನು ಒಂದರಿಂದ ಮತ್ತೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಪರರ ದನಗಳು ಅಲ್ಲಿ ಹೊಗುವಂತಿರಲಿಲ್ಲ; ನೇಗಿಲಂತೂ ಇಳಿಯುವಂತೆಯೇ ಇರಲಿಲ್ಲ. ಹೀಗಾಗಿ ಮಂದೆಯು ಬೇರೆ ಕಾವಲಿಗೆ ಹೋಗಿರುವ ತಿಂಗಳುಗಳಲ್ಲಿ ಮೊಣಕಾಲೆತ್ತರದ ಹುಲ್ಲು, ತುಳಿತವಿಲ್ಲದ ನೆಲ, ಗುಟುರಿಗೊಂದು ದಿಬ್ಬ, ಮೊಟ್ಟೆಗೊಂದು ಮರೆ ಇವೆಲ್ಲವೂ ಕೇಳದೆಯೇ ಒದಗಿದುವು. ಅರಸರಿಗೆ ಎತ್ತುಗಳು ಬೇಕಾಗಿದ್ದುವು. ಹಕ್ಕಿಯ ಮೇಲಿನ ದಯೆಯಿಂದ ಅವರು ಇದನ್ನು ಮಾಡಲಿಲ್ಲ.

ಯುದ್ಧಗಳ ಹಾವಳಿಯೂ ಈ ದಿಕ್ಕಿನಲ್ಲಿಯೇ ಕೆಲಸ ಮಾಡಿರಬೇಕು. 1801ರಲ್ಲಿ ಹಿರಿಯೂರಿನ ಮಾರ್ಗವಾಗಿ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನನು, ಪರಶುರಾಮಭಾವುವಿನ ಸೈನ್ಯದ ದಾಳಿಯಿಂದಲೂ ಕ್ಷಾಮದಿಂದಲೂ ಆ ಸೀಮೆ ಹೇಗೆ ಪಾಳುಬಿದ್ದಿತೆಂಬುದನ್ನು ಬರೆದಿದ್ದಾನೆ. ಮನುಷ್ಯರ ಪಾಳು ಹೊಲವು ಹುಲ್ಲಿಗೆ ಸೀಮೆಯಾಗುತ್ತದೆ. ಮುಂದೆ ಶಾಂತಿಯ ಕಾಲದಲ್ಲಿ ಹಣದ ಲೆಕ್ಕವು ಬಂದಿತು. ಕಮಿಷನರ್ ಕಬ್ಬನ್ನರ ಆಡಳಿತದ ಕೊನೆಯಲ್ಲಿ, 1860ರಲ್ಲಿ, ಖರ್ಚು ಹೆಚ್ಚೆಂಬ ಕಾರಣದಿಂದ ಅಮೃತಮಹಲನ್ನು ಮುರಿದು ದನಗಳನ್ನು ಮಾರಿಬಿಟ್ಟರು. ಒಳ್ಳೆಯ ಎತ್ತುಗಳಿಗೆ ಅಭಾವವುಂಟಾದ ಮೇಲೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ದನವನ್ನು ಮರಳಿ ಕೊಂಡುತರಬಹುದು. ಒಮ್ಮೆ ಉತ್ತ ಕಾವಲನ್ನು ಮರಳಿ ತರುವುದು ಅಷ್ಟು ಸುಲಭವಲ್ಲ.

ಕಾನೂನುಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಬ್ರಿಟಿಷ್ ಇಂಡಿಯದಲ್ಲಿ 1887ರ ಕಾಡುಹಕ್ಕಿಗಳ ರಕ್ಷಣೆಯ ಶಾಸನವು ಮುಖ್ಯವಾಗಿ ಪಟ್ಟಣ ದಂಡುಗಳ ಮಾರುಕಟ್ಟೆಯನ್ನು ಕುರಿತದ್ದು; ಮರಿಮಾಡುವ ಕಾಲದಲ್ಲಿ ಹೊಸದಾಗಿ ಕೊಂದ ಹಕ್ಕಿಗಳನ್ನು ಮಾರಬಾರದೆಂಬುದೇ ಅದರ ಸಾರ. 1912ರ ಶಾಸನದ ಪಟ್ಟಿಯಲ್ಲಿ ಎರೆಭೂತದ ಕುಲವೂ ನವಿಲು, ಗೌಜಲು, ಕಾಡುಕೋಳಿಗಳೂ ಸೇರಿದುವು. ಅವುಗಳಿಗೆ ಬೇಟೆಯ ನಿಷಿದ್ಧಕಾಲವನ್ನು ಗೊತ್ತುಮಾಡುವ ಅಧಿಕಾರವು ಸರ್ಕಾರಗಳಿಗೆ ಬಂದಿತು. ಮೈಸೂರು ಸಂಸ್ಥಾನವು ಇದಕ್ಕೆ ಮುಂಚೆಯೇ, 1901ರ ಎರಡನೆಯ ರೆಗ್ಯುಲೇಷನ್ನಿನ ಮೂಲಕ, ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ಏರ್ಪಾಡು ಮಾಡಿದ್ದಿತು. ಗಂಡು ಕೂಗುವ ಋತುವಿನಲ್ಲಿ ಬಂದೂಕು ಸುಮ್ಮನಿರಬೇಕೆಂಬ ವಿವೇಕವು ಇವುಗಳಲ್ಲಿ ಇದೆ. ಆದರೆ ಇವೆಲ್ಲವೂ ಮುಂದಿನ ವರ್ಷದ ಬೇಟೆಯನ್ನು ಉಳಿಸಿಕೊಳ್ಳುವ ಲೆಕ್ಕದಿಂದ ಹುಟ್ಟಿದುವು. ಕೂಗುವ ಹಕ್ಕಿಗೆ ನಿಷಿದ್ಧಕಾಲವಿದ್ದಿತು. ಅದು ನಿಂತು ಕೂಗುವ ದಿಬ್ಬಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. ಇದಲ್ಲದೆ ಎರಡನೆಯ ಮಹಾಯುದ್ಧದ ತರುವಾಯ ಜೀಪುಗಾಡಿಗಳು ಹೊಲಗಳ ಮೇಲೆಯೇ ಓಡತೊಡಗಿದಾಗ, ಗಾಡಿಗೆ ಹೆದರದ ಹಕ್ಕಿಯ ಹಳೆಯ ನಂಬಿಕೆಯೇ ಅದಕ್ಕೆ ಮುಳುವಾಯಿತು.

ನೆಲದ ವಿಚಾರಕ್ಕೆ ಬಂದರೆ, ಒಬ್ಬರನ್ನು ದೂಷಿಸಿ ಮುಗಿಸುವ ಹಾಗಿಲ್ಲ. 1907ರಲ್ಲಿ ಮಾರಿಕಣಿವೆಯ ಕಟ್ಟೆ ಮುಗಿದು ವಾಣೀವಿಲಾಸಸಾಗರದ ನೀರು ಹಿರಿಯೂರಿನ ಬಯಲಿಗೆ ಹರಿದಾಗ ಬರದಲ್ಲಿ ಬೆಂದ ಜನರಿಗೆ ಅದು ಅಮೃತವೇ ಆಯಿತು. ಆ ಎರೆಭೂಮಿಯಲ್ಲಿ ತೆಂಗು ಕಬ್ಬುಗಳು ಎದ್ದುನಿಂತುವು. ಅದನ್ನು ತಪ್ಪೆನ್ನುವವರು ಯಾರು? ಜೋಳ, ನವಣೆ, ಹುರುಳಿಗಳ ಒಣಬೇಸಾಯದ ಹೊಲಗಳಲ್ಲಿ ಎರೆಭೂತವು ರೈತನ ಜೊತೆಯಲ್ಲಿ ಬಾಳುತ್ತಿದ್ದಿತು. ಮಿಡತೆಗಳನ್ನೂ ಕೀಟಗಳನ್ನೂ ತಿನ್ನುವ ಇದರಿಂದ ರೈತನಿಗೆ ಉಪಕಾರವೇ. ಸಾಗುವಳಿಯು ಕಾವಲುಗಳೊಳಕ್ಕೂ ನುಗ್ಗಿ, ಹೊಲಕ್ಕೂ ಹೊಲಕ್ಕೂ ನಡುವೆ ಹುಲ್ಲಿನ ನೆಲವೇ ಉಳಿಯದಾದಾಗ ಮೊಟ್ಟೆಗೆ ಸ್ಥಳವಿಲ್ಲದಾಯಿತು. ಉಳಿದ ಹುಲ್ಲಿಗೆ ಕಂದಾಯದ ಕಡತಗಳಲ್ಲಿ ಬಂಜರು ಎಂದು ಹೆಸರು. ಬಂಜರನ್ನು ಹಸುರುಮಾಡಬೇಕೆಂಬ ಸದುದ್ದೇಶದಿಂದಲೇ ಅದರ ಮೇಲೆ ನೀಲಗಿರಿ ಗಿಡಗಳನ್ನು ನೆಟ್ಟರು. ಮರದ ಮೇಲೆ ಕೂರಲಾರದ, ಮರದ ನಡುವೆ ನೋಡಲಾರದ ಹಕ್ಕಿಗೆ ಆ ಹಸುರು ಗೋಡೆಯಾಯಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿ ವನ್ಯಧಾಮವನ್ನು ಘೋಷಿಸಿದಾಗ ಅಲ್ಲಿ ಎರೆಭೂತಗಳೂ ಇದ್ದುವು. ನೀಲಗಿರಿಯ ತೋಪುಗಳು ಬೆಳೆದುವು, ಹಕ್ಕಿಗಳು ಹೋದುವು.

ದೇಶಕ್ಕೆ ರಾಷ್ಟ್ರಪಕ್ಷಿಯೊಂದನ್ನು ಆರಿಸುವ ಪ್ರಸ್ತಾಪವು ಬಂದಾಗ ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರು ಎರೆಭೂತದ ಪಕ್ಷವನ್ನು ವಹಿಸಿದರು. ಎಲ್ಲರೂ ಬಲ್ಲ ಹಕ್ಕಿಗೆ ಕಿರೀಟವೇಕೆ, ಅಳಿಯುತ್ತಿರುವ ಹಕ್ಕಿಗೆ ಗಮನ ಬೇಕು ಎಂಬುದು ಅವರ ಎಣಿಕೆ. 1963ರಲ್ಲಿ ಆ ಗೌರವವು ನವಿಲಿಗೆ ಸಂದಿತು. 1969ರಲ್ಲಿ ಭಾವನಗರದ ಧರ್ಮಕುಮಾರಸಿಂಹಜಿಯವರು ದೇಶದಲ್ಲೆಲ್ಲ ಸುಮಾರು 1,260 ಎರೆಭೂತಗಳು ಉಳಿದಿವೆಯೆಂದು ಅಂದಾಜು ಮಾಡಿದರು. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಪಟ್ಟಿಯಲ್ಲಿ ಇದಕ್ಕೆ ಸ್ಥಾನ ಸಿಕ್ಕಿತು. 2018ರ ಹೊತ್ತಿಗೆ ಸಂಖ್ಯೆಯು 150ರ ಆಚೆ ಈಚೆ ಇದ್ದಿತು. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರಿನ ಸುತ್ತಿನವು. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯ ಹಕ್ಕಿಗಳಷ್ಟೇ ಇತ್ತೀಚಿನವರೆಗೆ ಕಂಡುಬಂದಿವೆ. ಚಿತ್ರದುರ್ಗ ಜಿಲ್ಲೆಯಲ್ಲಿ ಅತಿ ವಿಸ್ತಾರವಾಗಿ ಉಳಿದಿದ್ದ ಹುಲ್ಲುಗಾವಲುಗಳೆಂದರೆ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿಗಳ ಅಮೃತಮಹಲ್ ಕಾವಲುಗಳು. 2008 ರಿಂದ 2010ರ ಅವಧಿಯಲ್ಲಿ ಅವುಗಳಲ್ಲಿ ಸಾವಿರಾರು ಎಕರೆಗಳು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದುವು. ದನ ಕುರಿಗಳನ್ನು ಮೇಯಿಸಿಕೊಂಡಿದ್ದ ಸುತ್ತಣ ಊರಿನವರು ನ್ಯಾಯಮಂಡಲಿಯ ಬಾಗಿಲನ್ನು ತಟ್ಟಬೇಕಾಯಿತು. ಹಿಂದೆ ಫಿರಂಗಿಯನ್ನೆಳೆಯುವ ಎತ್ತುಗಳಿಗಾಗಿ ಮೀಸಲಾದ ನೆಲದಲ್ಲಿ ಇಂದು ಚಾಲಕನಿಲ್ಲದ ವಿಮಾನಗಳ ಪರೀಕ್ಷೆ ನಡೆಯುತ್ತಿರುವುದು ಇತಿಹಾಸದ ಒಂದು ವಿಚಿತ್ರ.

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಗುಡ್ಡಸಾಲುಗಳ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತವೆ. ವಿದ್ಯುತ್ತಿನ ತಂತಿಗಳು ಬಯಲನ್ನು ಅಡ್ಡಡ್ಡಲಾಗಿ ದಾಟಿವೆ. ಎರೆಭೂತದ ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಎದುರಿನ ತಂತಿ ಅದಕ್ಕೆ ಹತ್ತಿರಕ್ಕೆ ಬರುವವರೆಗೂ ತೋರದು. ತೋರಿದಮೇಲೆ ಅಷ್ಟು ಭಾರದ ಮೈಯನ್ನು ತಿರುಗಿಸುವುದಾಗದು. ರಾಜಸ್ಥಾನ ಗುಜರಾತುಗಳಲ್ಲಿ ತಂತಿಗಳನ್ನು ನೆಲದೊಳಗೆ ಒಯ್ಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಆಜ್ಞಾಪಿಸಿತು. ಅದನ್ನು ಎಲ್ಲೆಡೆಯೂ ನಡೆಸುವುದು ಕಷ್ಟವೆಂಬ ವಾದವನ್ನು ಕೇಳಿ 2024ರಲ್ಲಿ ಆಜ್ಞೆಯನ್ನು ಮಾರ್ಪಡಿಸಿ ತಜ್ಞರ ಸಮಿತಿಯೊಂದಕ್ಕೆ ಒಪ್ಪಿಸಿತು.

ಇತ್ತ ಗೌಜಲಹಕ್ಕಿಯನ್ನು ನೋಡಿದರೆ, ಅದು ಶತಮಾನಗಳುದ್ದಕ್ಕೂ ದೀವದ ಪಂಜರಕ್ಕೆ ಬಲಿಯಾಗುತ್ತ ಬಂದದ್ದು. 1991ರ ತಿದ್ದುಪಡಿಯ ತರುವಾಯ ಅದನ್ನು ಹಿಡಿಯುವುದು ಅಪರಾಧವಾದರೂ ಕದ್ದು ಹಿಡಿಯುವವರು ಇಲ್ಲವೆನ್ನಲಾಗದು. ಹಾಗಿದ್ದರೂ ಹಿರಿಯೂರಿನ ಬೇಲಿಗಳಲ್ಲಿ ಅದರ ಕೂಗು ನಿಂತಿಲ್ಲ. ಸೂಲಿಗೆ ಆರೆಂಟು ಮೊಟ್ಟೆಯಿಡುವ ಆ ಹಕ್ಕಿಗೆ ಹೊಲದ ಒಂದು ಬದುವೂ, ಜಾಲಿಯ ನಾಲ್ಕು ಪೊದೆಯೂ ಸಾಕು. ಬೇಟೆಯನ್ನೇ ಹೆಚ್ಚಾಗಿ ಕಂಡ ಹಕ್ಕಿಯು ಉಳಿದಿದೆ. ನೆಲವನ್ನು ಕಳೆದುಕೊಂಡ ಹಕ್ಕಿಯು ಹೋಗಿದೆ.

ಜೈಸಲ್ಮೇರ್ ಜಿಲ್ಲೆಯ ಸಮ್ ಮತ್ತು ರಾಮದೇವರಾ ಎಂಬಲ್ಲಿ ಈಗ ಎರೆಭೂತಗಳನ್ನು ಸಾಕಿ ಮರಿಮಾಡಿಸುವ ಕೇಂದ್ರಗಳು ನಡೆಯುತ್ತಿವೆ. ಬಯಲಿನಿಂದ ತಂದ ಮೊಟ್ಟೆಗಳನ್ನು ಯಂತ್ರದಲ್ಲಿ ಕಾವಿಗಿಟ್ಟು, ಹುಟ್ಟಿದ ಮರಿಗಳನ್ನು ಕೈತುತ್ತು ಕೊಟ್ಟು ಬೆಳಸುತ್ತಾರೆ. ಬೆಳೆದ ಗಂಡುಗಳಲ್ಲೊಂದನ್ನು ಹೆಣ್ಣಿನ ಬೊಂಬೆಯೊಂದರ ಮುಂದೆ ತಿಂಗಳುಗಟ್ಟಲೆ ಪಳಗಿಸಿದರು. ಪುರಾತನ ಬೇಟೆಗಾರನ ದೀವವೇ ಅದು. ಉರುಲು ಮಾತ್ರ ಇಲ್ಲ. ಗಂಡು ಗಂಟಲ ಚೀಲವನ್ನು ಉಬ್ಬಿಸಿಕೊಂಡು ಆ ಬೊಂಬೆಯ ಎದುರಿಗೆ ನಿಂತಿತು. ಹಾಗೆ ಸಂಗ್ರಹಿಸಿದ ವೀರ್ಯವನ್ನು ಸುಮಾರು 200 ಕಿಲೋಮೀಟರು ದೂರದ ಮತ್ತೊಂದು ಕೇಂದ್ರದ ಹೆಣ್ಣಿಗೆ ಒಯ್ದರು. 2024ರ ಅಕ್ಟೋಬರಿನಲ್ಲಿ ಅದರ ಒಂದು ಮೊಟ್ಟೆ ಒಡೆದು ಮರಿಯು ಹೊರಬಂದಿತು.